ಬಾಲ್ ಪೈಥಾನ್‌ಗೆ ಎಷ್ಟು ದೊಡ್ಡ ಗೂಡು ಬೇಕು? 20 ಗ್ಯಾಲನ್ ಸಾಕು ಅಂತಾರೆ, ನಿಜಾನಾ?

ಹಾಸನದವ, ಅಟ್ಲಾಂಟಾ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಾವು ಸಾಕಿದ ಕನ್ನಡದವರು ಕೆಲವರಿದ್ದೀರಿ ಅಂತ ಗೊತ್ತಾಗಿ ಬರೆಯುತ್ತಿದ್ದೇನೆ. ನಗಬೇಡಿ, ನಮ್ಮ ಮನೆಗೂ ಹಾವು ಬಂದಿದೆ.

ಹನ್ನೊಂದು ವರ್ಷದ ಮಗಳು ಎರಡು ವರ್ಷದಿಂದ ಬೆನ್ನು ಬಿದ್ದಿದ್ದಳು. ಮೊದಲು ಕೇಳಿದ್ದು ಕಾರ್ನ್ ಸ್ನೇಕ್. ವಿಚಾರಿಸಿದರೆ ಅದು ಜಾರ್ಜಿಯಾದ್ದೇ ಹಾವು, ಇಲ್ಲಿನ ವಿಷವಿಲ್ಲದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಬಚಾವಾದೆ ಅಂದುಕೊಂಡೆ. ಅಷ್ಟರಲ್ಲಿ ಪರಿಚಯದವರೊಬ್ಬರು ಊರು ಬಿಡುವಾಗ ತಮ್ಮ ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು) ಅನ್ನು ಟ್ಯಾಂಕ್ ಸಮೇತ ಕೊಟ್ಟು ಹೋದರು. ಹೆಣ್ಣು, ಐದು ವರ್ಷ, ತೂಕ 1300 ಗ್ರಾಂ. ಮಗಳು ಇಟ್ಟ ಹೆಸರು ಮಲ್ಲಿಗೆ.

ಟ್ಯಾಂಕ್ 20 ಗ್ಯಾಲನ್. 30 ಇಂಚು ಉದ್ದ, 12 ಇಂಚು ಅಗಲ. ಮೇಲೆ ಜಾಲರಿ ಮುಚ್ಚಳ, ಒಂದು ಬಲ್ಬು. ಹಗಲೆಲ್ಲ ಸುರುಳಿ ಸುತ್ತಿಕೊಂಡು ಮಲಗಿರುತ್ತಾಳೆ. ರಾತ್ರಿಯಾದರೆ ಗಾಜಿನ ಮೂಲೆಗೆ ಮೂತಿ ಒತ್ತಿಕೊಂಡು ಮೇಲೆ ಕೆಳಗೆ, ಮೇಲೆ ಕೆಳಗೆ. ಮೂತಿಯ ತುದಿ ಉಜ್ಜಿ ಉಜ್ಜಿ ಬಿಳಿಚಿಕೊಂಡಿದೆ. ಅಂಗಡಿಯಲ್ಲಿ ಕೇಳಿದರೆ "ಈ ಜಾತಿಗೆ ಇಕ್ಕಟ್ಟೇ ಇಷ್ಟ, ದೊಡ್ಡದು ಕೊಟ್ಟರೆ ಹೆದರಿ ಊಟ ಬಿಡುತ್ತೆ" ಅಂದರು. ಯೂಟ್ಯೂಬ್‌ನಲ್ಲಿ ಒಬ್ಬರು 4 ಅಡಿ ಅಂತಾರೆ, ಇನ್ನೊಬ್ಬರು 6 ಅಡಿ ಅಂತಾರೆ. ಪೊರೆ ಬಿಟ್ಟಾಗ ಟೇಪ್ ಹಿಡಿದು ಅಳೆದೆ, 4 ಅಡಿ 7 ಇಂಚು ಬಂತು.

ಎಷ್ಟು ದೊಡ್ಡದು ತರಲಿ? ಹೆಂಡತಿಯದು ಒಂದೇ ಷರತ್ತು: ಹಾಲ್‌ನಲ್ಲಿ ಇಡುವ ಹಾಗಿಲ್ಲ.

ತಿಪಟೂರು ಅಕ್ಕ, ಲೀಡ್ಸ್

ತಮ್ಮಾ, ಮೊದಲು ಆ 4 ಅಡಿ 7 ಇಂಚು ಮರೆತುಬಿಡಿ. ಪೊರೆ ಯಾವಾಗಲೂ ಹಾವಿಗಿಂತ ಉದ್ದ. ಚರ್ಮದಲ್ಲಿದ್ದ ಮಡಿಕೆಯೆಲ್ಲ ಬಿಚ್ಚಿಕೊಂಡು ಹಿಗ್ಗಿರುತ್ತೆ. ಹಾಗಂತ ಹಾವನ್ನು ಹಿಡಿದು ಎಳೆದು ಅಳೆಯಲೂ ಬೇಡಿ. ಅದು ಆರಾಮಾಗಿ ನೆಲದ ಮೇಲೆ ಹರಿಯುವಾಗ ಪಕ್ಕದಲ್ಲಿ ಮಗಳ ಸ್ಕೇಲ್ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಪ್ರಿಂಟ್ ಹಾಕಿ, ಫೋಟೋದ ಹಾವಿನ ಬೆನ್ನುದ್ದಕ್ಕೂ ದಾರ ಇಟ್ಟು ನೋಡಿ. ಸ್ಕೇಲ್ ಜೊತೆ ಹೋಲಿಸಿದರೆ ಉದ್ದ ಸಿಗುತ್ತೆ.

ಎರಡನೆಯದು, ಗ್ಯಾಲನ್ ಲೆಕ್ಕ ಮೀನಿಗೆ ಸರಿ. ಹಾವಿಗೆ ಬೇಕಾಗಿರುವುದು ನೆಲ. 20 ಗ್ಯಾಲನ್‌ನಲ್ಲೇ ಎರಡು ಥರ ಟ್ಯಾಂಕ್ ಬರುತ್ತೆ. ಒಂದು ನಿಮ್ಮದು, 30 ಇಂಚಿಗೆ 12. ಇನ್ನೊಂದು 24 ಇಂಚಿಗೆ 12, ಸ್ವಲ್ಪ ಎತ್ತರ. ಹಿಡಿಸುವ ನೀರು ಒಂದೇ, ನೆಲ ಬೇರೆ. ನಿಮ್ಮ ಟ್ಯಾಂಕಿನ ನೆಲ ಎರಡೂವರೆ ಚದರ ಅಡಿ. 40 ಗ್ಯಾಲನ್ ಬ್ರೀಡರ್ ಅಂತ ಮಾರುತ್ತಾರಲ್ಲ, 36ಕ್ಕೆ 18, ಅದು ನಾಲ್ಕೂವರೆ. 4 ಅಡಿಗೆ 2 ಅಡಿಯದು ಎಂಟು. ಗ್ಯಾಲನ್ ಬಿಟ್ಟು ಹೀಗೆ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ ಅಲ್ವಾ?

ನಾನು ಹಿಡಿದುಕೊಂಡಿರುವ ಲೆಕ್ಕ ಇಷ್ಟೇ. ಗೂಡಿನ ಉದ್ದ ಹಾವಿನಷ್ಟು, ಅಗಲ ಅದರ ಅರ್ಧ. ಹಿಂದೆ ಉದ್ದ ಮತ್ತು ಅಗಲ ಕೂಡಿದರೆ ಹಾವಿನಷ್ಟಾದರೆ ಸಾಕು ಅಂತಿದ್ದರು. ಆ ಲೆಕ್ಕದಲ್ಲಿ ಹಾವು ಒಮ್ಮೆಯೂ ನೆಟ್ಟಗೆ ಮೈ ಚಾಚಲು ಆಗಲ್ಲ.

ಇನ್ನೊಂದು ಪ್ರಶ್ನೆ. ಟ್ಯಾಂಕಿನ ಎರಡೂ ತುದಿಯ ಬಿಸಿ ಎಷ್ಟಿದೆ? ಬಲ್ಬಿಗೆ ಥರ್ಮೋಸ್ಟಾಟ್, ಅಂದರೆ ಬಿಸಿ ಹದದಲ್ಲಿಡುವ ಸಾಧನ, ಇದೆಯಾ?

ಹಾಸನದವ, ಅಟ್ಲಾಂಟಾ

ಥರ್ಮೋಸ್ಟಾಟ್ ಇಲ್ಲ ಅಕ್ಕ. ಬಲ್ಬು ನೇರ ಪ್ಲಗ್‌ಗೆ. ಈಗಷ್ಟೇ ಅಡುಗೆಮನೆಯ ಥರ್ಮಾಮೀಟರ್ ಗನ್ ಹಿಡಿದು ನೋಡಿದೆ. ಬಲ್ಬಿನ ಕೆಳಗೆ 39 ಡಿಗ್ರಿ. ಆ ತುದಿಯಲ್ಲಿ 31.

ದಾರದ ಲೆಕ್ಕದಲ್ಲಿ ಉದ್ದ 3 ಅಡಿ 10 ಇಂಚು. ಒಂಬತ್ತು ಇಂಚು ಹಾವು ಗಾಳಿಯಲ್ಲಿ ಹೋಯ್ತು.

ತಿಪಟೂರು ಅಕ್ಕ, ಲೀಡ್ಸ್

ಅದೇ ನೋಡಿ. ತಂಪು ತುದಿಯೇ 31! ಬಾಲ್ ಪೈಥಾನ್‌ಗೆ ಬಿಸಿ ಕಡೆ 32ರ ಆಸುಪಾಸು, ತಂಪು ಕಡೆ 25, 26 ಬೇಕು. ಹಾವಿಗೆ ನಮ್ಮ ಹಾಗೆ ಒಳಗಿನಿಂದ ಬಿಸಿ ಹುಟ್ಟಲ್ಲ. ಬಿಸಿ ಬೇಕಾದಾಗ ಆ ಕಡೆ ಹೋಗಬೇಕು, ಸಾಕಾದಾಗ ಈ ಕಡೆ ಬರಬೇಕು. 30 ಇಂಚಿನ ಪೆಟ್ಟಿಗೆಯಲ್ಲಿ ಈ ಕಡೆ ಅನ್ನುವುದೇ ಇಲ್ಲ. ಪೂರ್ತಿ ಒಂದೇ ಒಲೆ. ಮಲ್ಲಿಗೆ ರಾತ್ರಿಯೆಲ್ಲ ಮೂಲೆಯಲ್ಲಿ ಮೂತಿ ಒತ್ತುತ್ತಿರುವುದು ತಂಪು ಹುಡುಕಿಕೊಂಡೂ ಇರಬಹುದು.

ಹೊಸ ಗೂಡು ಬರುವತನಕ ಕಾಯಬೇಡಿ, ಥರ್ಮೋಸ್ಟಾಟ್ ಇವತ್ತೇ ತನ್ನಿ.

ರ‍್ಯಾಕ್ ರಾಜ, ಡಲ್ಲಾಸ್

ಇಲ್ಲಿ ಎಲ್ಲರೂ ಅಂಗಡಿಯವರನ್ನು ಬೈಯುವ ಮುಂಚೆ ನನ್ನದೂ ಒಂದು ಮಾತು ಕೇಳಿ. ನನ್ನ ಹತ್ತಿರ ಹದಿನಾಲ್ಕು ಬಾಲ್ ಪೈಥಾನ್ ಇವೆ. ಎಲ್ಲವೂ ರ‍್ಯಾಕ್‌ನಲ್ಲಿ. ಬೀರುವಿನ ಡ್ರಾಯರ್ ಥರ ಪ್ಲಾಸ್ಟಿಕ್ ಡಬ್ಬಿಗಳು. ಒಂದೊಂದು ಸುಮಾರು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ. ಎಲ್ಲವೂ ತಿನ್ನುತ್ತವೆ, ಮೊಟ್ಟೆ ಇಡುತ್ತವೆ, ಪೊರೆ ಒಂದೇ ತುಂಡಾಗಿ ಬಿಡುತ್ತವೆ. ಆಫ್ರಿಕಾದಲ್ಲಿ ಇವು ಇರುವುದೆಲ್ಲಿ? ಇಲಿಬಿಲದಲ್ಲಿ, ಗೆದ್ದಲ ಹುತ್ತದಲ್ಲಿ. ನಮ್ಮಲ್ಲೇ ಗಾದೆ ಇಲ್ವಾ, ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಅಂತ. ಹುತ್ತದೊಳಗೆ 4 ಅಡಿಗೆ 2 ಅಡಿ ಹಾಲ್ ಇರುತ್ತಾ?

ನನ್ನ ಗಿರಾಕಿಗಳಲ್ಲಿ ಹತ್ತು ಜನರಾದರೂ ದೊಡ್ಡ ಗಾಜಿನ ಟ್ಯಾಂಕಿಗೆ ಹಾಕಿ, ಹಾವು ಎರಡು ತಿಂಗಳು ಊಟ ಬಿಟ್ಟಿತು ಅಂತ ಫೋನ್ ಮಾಡಿದ್ದಾರೆ. ಡಬ್ಬಿಗೆ ವಾಪಸ್ ಹಾಕಿ ಅಂತೀನಿ. ಮುಂದಿನ ವಾರ ತಿಂದಿರುತ್ತೆ. ಇದು ಅನುಭವದ ಮಾತು.

ಕುಂದಾಪುರದವ, ಡಾರ್ಟ್‌ಮುಂಡ್

ರಾಜಣ್ಣ, ಹುತ್ತದ ಮಾತು ಅರ್ಧ ಸರಿ ಮಾರಾಯ್ರೆ. ಹಾವು ಹುತ್ತದಲ್ಲಿ ಮಲಗುತ್ತದೆ, ಸರಿ. ರಾತ್ರಿ ಹೊರಗೆ ಬರುವುದಿಲ್ಲವೇ? ಬೇಟೆಗೆ ಹೋಗುವುದಿಲ್ಲವೇ? ನಾನು ಮಲಗುವ ಕೋಣೆ ಹತ್ತಕ್ಕೆ ಹತ್ತು ಉಂಟು. ಹಾಗಂತ ಬಾಗಿಲಿಗೆ ಚಿಲಕ ಹಾಕಿ ಊಟ ಕೊಟ್ಟರೆ ನಾನು ಸುಖವಾಗಿದ್ದೇನೆ ಅಂತಲೇ?

ತಿನ್ನುತ್ತದೆ, ಮೊಟ್ಟೆ ಇಡುತ್ತದೆ ಅನ್ನುವುದೂ ದೊಡ್ಡ ಸಾಕ್ಷಿ ಅಲ್ಲ. ಪಂಜರದ ಫಾರಂ ಕೋಳಿಯೂ ದಿನಾ ಮೊಟ್ಟೆ ಇಡುತ್ತದೆ.

ಜರ್ಮನಿಯಲ್ಲಿ ಸರೀಸೃಪ ಸಾಕಣೆಗೆ ಕನಿಷ್ಠ ಎಷ್ಟು ಜಾಗ ಅಂತ 1997ರಲ್ಲೇ ತಜ್ಞರ ವರದಿ ಬಂದಿದೆ. ಬಾಲ್ ಪೈಥಾನ್‌ಗೆ ಅದರ ಲೆಕ್ಕ ಹೀಗೆ: ಹಾವಿನ ಉದ್ದದಷ್ಟು ಉದ್ದ, ಅದರ ಅರ್ಧ ಅಗಲ, ಮುಕ್ಕಾಲು ಎತ್ತರ. ಎತ್ತರ ಯಾಕೆ ಅಂತ ಮೊದಲು ನನಗೂ ಅರ್ಥ ಆಗಿರಲಿಲ್ಲ. ನೆಲದ ಹಾವಲ್ಲವೇ ಅಂದುಕೊಂಡಿದ್ದೆ. ಕೊಂಬೆ ಇಟ್ಟ ಮೇಲೆ ನಮ್ಮ ಗಂಡು ಹಾವು ರಾತ್ರಿ ಅರ್ಧ ಹೊತ್ತು ಅದರ ಮೇಲೇ. ಬೀಳುವುದೂ ಉಂಟು, ಹತ್ತುವುದರಲ್ಲಿ ಅಂಥ ಚಾಲಾಕಿ ಏನಲ್ಲ. ಹಾಗಾಗಿ ಕೊಂಬೆ ದಪ್ಪ ಇರಲಿ, ಭದ್ರ ಇರಲಿ, ತೀರಾ ಮೇಲೆ ಬೇಡ.

2021ರಲ್ಲಿ ಇಲ್ಲಿನ ಸಂಶೋಧಕರು ಬಾಲ್ ಪೈಥಾನ್‌ಗಳನ್ನು ರ‍್ಯಾಕ್‌ನಲ್ಲೂ ಟೆರೇರಿಯಂನಲ್ಲೂ (ಮಣ್ಣು, ಕೊಂಬೆ ಇರುವ ದೊಡ್ಡ ಗೂಡು) ಇಟ್ಟು ಹೋಲಿಸಿ ನೋಡಿದ್ದಾರೆ. ಹತ್ತುವುದು, ಬೆಚ್ಚಗೆ ಮೈ ಕಾಯಿಸುವುದು, ಮಣ್ಣಿಗಿಳಿಯುವುದು, ನೀರಲ್ಲಿ ಮುಳುಗಿ ಕೂರುವುದು, ಇವು ಟೆರೇರಿಯಂನಲ್ಲಿ ಕಂಡವು. ರ‍್ಯಾಕ್‌ನಲ್ಲಿ ಮಾಡೋಣ ಅಂದರೆ ಜಾಗ ಎಲ್ಲುಂಟು?

ರ‍್ಯಾಕ್ ರಾಜ, ಡಲ್ಲಾಸ್

ಕೋಳಿಗೆ ಹೋಲಿಸಿದ್ದಕ್ಕೆ ಧನ್ಯವಾದ. ಮರಿಗಳಿಗಾದರೂ ಡಬ್ಬಿ ವಾಸಿ ಅಂತ ಒಪ್ಪುತ್ತೀರಾ?

ಕುಂದಾಪುರದವ, ಡಾರ್ಟ್‌ಮುಂಡ್

ಮೊದಲ ಕೆಲವು ತಿಂಗಳು ಚಿಕ್ಕದು ಒಪ್ಪುತ್ತೇನೆ. ಮರಿ ತಿಂದಿತೇ, ಹೇತಿತೇ ಅಂತ ನೋಡಲು ಸುಲಭ. ಬೆಳೆದ ಹಾವಿಗೆ ಒಪ್ಪುವುದಿಲ್ಲ.

ತಿಪಟೂರು ಅಕ್ಕ, ಲೀಡ್ಸ್

ಮರಿಗಳಿಗೆ ಅಳತೆಗಿಂತ ಸಂದು ಮುಖ್ಯ. ನಮ್ಮ ಕಾರ್ನ್ ಸ್ನೇಕ್ ಮರಿ ಪೆನ್ಸಿಲ್‌ನಷ್ಟು ದಪ್ಪ ಇತ್ತು. (ಇಂಗ್ಲೆಂಡ್‌ನಲ್ಲಿ ಅದನ್ನು ಸಾಕಬಹುದು.) ಮುಂದೆ ಬೆಳೆಯುತ್ತಲ್ಲ ಅಂತ ಮೊದಲೇ 4 ಅಡಿ ಮರದ ಗೂಡು, ವೈವೇರಿಯಂ ಅಂತಾರಲ್ಲ, ಅದನ್ನು ತಂದೆ. ಅದಕ್ಕೆ ಸರಿಯುವ ಎರಡು ಗಾಜು. ಒಂದರ ಮೇಲೊಂದು ಬರುವ ಕಡೆ ಐದು ಮಿಲಿಮೀಟರ್ ಸಂದು. ಬೆಳಿಗ್ಗೆ ಎದ್ದು ನೋಡಿದರೆ ಹಾವಿಲ್ಲ.

ಒಂಬತ್ತು ದಿನ ಹುಡುಕಿದೆವು. ಸೋಫಾ ಬಿಚ್ಚಿದೆವು. ಬೂಟು, ಅಕ್ಕಿ ಡಬ್ಬ, ಎಲ್ಲ. ಕೊನೆಗೆ ಸಿಕ್ಕಿದ್ದು ಫ್ರಿಜ್ ಹಿಂದೆ, ಮೋಟಾರಿನ ಪಕ್ಕ, ಬೆಚ್ಚಗೆ. ಮೈಯೆಲ್ಲ ಧೂಳು, ಜೇಡರ ಬಲೆ. ಆ ಸಂದಿಗೆ ಈಗ ಗಾಜಿನ ಮಧ್ಯೆ ಹಾಕುವ ಬ್ರಷ್ ಪಟ್ಟಿ ಅಂಟಿಸಿದ್ದೇನೆ. ಮರಿಗೆ ಅಡಗಲು ತೆಂಗಿನ ಕರಟ ಕವುಚಿಟ್ಟು, ಪಕ್ಕದಲ್ಲಿ ಒಂದು ತೂತು ಮಾಡಿ ಕೊಟ್ಟೆ. ಅದರೊಳಗೆ ಹೋದರೆ ಆಚೆ ಬರಲ್ಲ ಅನ್ನುತ್ತಿತ್ತು.

ಅಂದಹಾಗೆ ಗೂಡಿನ ನೆಲಕ್ಕೆ ಹಾಕುವುದು ತೆಂಗಿನ ನಾರಿನ ಪುಡಿ. ತಿಪಟೂರಿನವಳು ನಾನು, ಅದಕ್ಕೆ ಪೌಂಡ್ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದೇನೆ. ನಮ್ಮಪ್ಪನಿಗೆ ಇನ್ನೂ ಹೇಳಿಲ್ಲ.

ಬೆಂಗಳೂರು ಬೈಕರ್

ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಇಲ್ಲಿ ಒಬ್ಬರು ಬಾಲ್ ಪೈಥಾನ್ ಮರಿ ಕೊಡುತ್ತೇನೆ ಅಂತಿದ್ದಾರೆ. ಪೇಪರ್ ಏನೂ ಬೇಡವಂತೆ. ನನ್ನ ಹತ್ತಿರ ಹಳೆಯ ಮೀನಿನ ಟ್ಯಾಂಕ್ ಇದೆ, ಎರಡಡಿಗೆ ಒಂದಡಿ. ಸಾಕಾ? ಅದಾಗದಿದ್ದರೆ ನಮ್ಮ ಮನೆ ಹಿಂದೆ ಒಂದು ಕೇರೆ ಹಾವು ಓಡಾಡುತ್ತೆ, ಅದನ್ನೇ ಸಾಕಬಹುದಾ?

ತೀರ್ಥಹಳ್ಳಿ ಮಳೆ

ಗುರು, ಎರಡೂ ಬೇಡ.

ಕೇರೆ ಹಾವು ಮೊದಲು. ನಮ್ಮ ದೇಶದ ಯಾವ ಹಾವನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನಾನು ನಮ್ಮ ಕಡೆ ಮನೆಗಳಿಗೆ ಬಂದ ಹಾವು ಹಿಡಿದು ಬಿಡುವ ಗೆಳೆಯರ ಜೊತೆ ಹೋಗುತ್ತಿರುತ್ತೇನೆ. ಕೇರೆ ಆರೇಳು ಅಡಿ ಬೆಳೆಯುತ್ತೆ. ಚೀಲದಿಂದ ಬಿಟ್ಟರೆ ಅಡಿಕೆ ತೋಟದ ಈ ಬದಿಯಿಂದ ಆ ಬದಿಗೆ ಹೋಗುವುದನ್ನು ನೋಡಬೇಕು, ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲುವೆ ದಾಟಿರುತ್ತೆ. ಅದಕ್ಕೆ ಎಷ್ಟು ದೊಡ್ಡ ಪೆಟ್ಟಿಗೆ ಮಾಡಿಸುತ್ತೀಯ? ಹಿತ್ತಲಲ್ಲೇ ಇರಲಿ ಬಿಡು, ಇಲಿ ಕಡಿಮೆಯಾಗುತ್ತೆ.

ಬಾಲ್ ಪೈಥಾನ್ ವಿದೇಶಿ. ಆದರೆ ಅದು ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿದೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ ಆ ಪಟ್ಟಿಯ ಪ್ರಾಣಿಗಳೂ ಅದರೊಳಗೆ ಬಂದಿವೆ. ಯಾರ ಹತ್ತಿರ ಇದೆ, ಎಲ್ಲಿಂದ ಬಂತು, ಮರಿ ಹಾಕಿತಾ, ಸತ್ತಿತಾ, ಎಲ್ಲ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ದಾಖಲಾಗಬೇಕು. ಪೇಪರ್ ಬೇಡ ಅಂದವನು ನಿನ್ನನ್ನು ಸಿಕ್ಕಿಹಾಕಿಸುತ್ತಾನೆ ಅಷ್ಟೆ.

ಇನ್ನೊಂದು ಮಾತು. ಇವು ಇಪ್ಪತ್ತು ಮೂವತ್ತು ವರ್ಷ ಬದುಕುತ್ತವೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಒಂದು ಬಾಲ್ ಪೈಥಾನ್ 2020ರಲ್ಲಿ, ಅರವತ್ತು ದಾಟಿದ ಮೇಲೆ ಮೊಟ್ಟೆ ಇಟ್ಟಿತ್ತು. ಹತ್ತಿರದಲ್ಲಿ ಗಂಡು ಹಾವು ಇಲ್ಲದೆ ವರ್ಷಗಳೇ ಆಗಿದ್ದವು. ನಿನ್ನ ಬಾಡಿಗೆ ಮನೆ ಓನರ್ ಅಷ್ಟು ವರ್ಷ ಸುಮ್ನೆ ಇರ್ತಾರಾ?

ಬೆಂಗಳೂರು ಬೈಕರ್

ಓನರ್ ಬೆಕ್ಕಿಗೇ ಒಪ್ಪಿಲ್ಲ ಅಣ್ಣ. ಬಿಟ್ಟೆ. ಈ ಮಲ್ಲಿಗೆ ಕಥೆ ಮಾತ್ರ ಓದುತ್ತಾ ಇರ್ತೀನಿ.

ಹಾಸನದವ, ಅಟ್ಲಾಂಟಾ

ಹೊಸ ಸಮಾಚಾರ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪಿವಿಸಿ ಗೂಡು ಬಂತು. ಗಾಜಿನದು ತೆಗೆದುಕೊಳ್ಳೋಣ ಅಂದುಕೊಂಡಿದ್ದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಪಿವಿಸಿ ಹಲಗೆಗಳನ್ನು ಬಿಡಿಬಿಡಿಯಾಗಿ ಹೊತ್ತು ತಂದು ಮನೆಯಲ್ಲಿ ಜೋಡಿಸಿದೆ. ಜಾಗ ಎಷ್ಟು ಹಿಡಿಯಿತು ಗೊತ್ತಾ? ಕರಾರುವಾಕ್ಕಾಗಿ ಮಗಳ ಸ್ಟಡಿ ಟೇಬಲ್‌ನಷ್ಟು. ಹಾಗಾಗಿ ಟೇಬಲ್ ಹೊರಗೆ, ಹಾವು ಒಳಗೆ. ಮಗಳು ಈಗ ಊಟದ ಮೇಜಿನಲ್ಲಿ ಓದುತ್ತಾಳೆ.

ಬಿಸಿ ಈಗ ಸರಿಯಾಗಿದೆ. ಒಂದು ತುದಿ 32, ಇನ್ನೊಂದು 25. ಹಳೆಯ ಟ್ಯಾಂಕಿನಲ್ಲಿ ಜಾಲರಿಯಿಂದ ತೇವವೆಲ್ಲ ಹಾರಿ ಹೋಗುತ್ತಿತ್ತು, ದಿನಕ್ಕೆ ಮೂರು ಸಲ ನೀರು ಚಿಮುಕಿಸಬೇಕಿತ್ತು. ಇದರಲ್ಲಿ ತೇವ 65 ಪರ್ಸೆಂಟ್ ನಿಲ್ಲುತ್ತೆ.

ಆದರೆ ರಾಜಣ್ಣ ಹೇಳಿದ್ದೇ ಆಯ್ತು. ಮೂರು ವಾರದಿಂದ ಮಲ್ಲಿಗೆ ಊಟ ಮುಟ್ಟಿಲ್ಲ. ಫ್ರೀಜರಿನಲ್ಲಿಟ್ಟ ಸತ್ತ ಇಲಿಯ ಹಿಮ ಕರಗಿಸಿ, ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಮೂಗಿನ ಮುಂದೆ ಆಡಿಸಿದರೆ ತಲೆ ಒಳಗೆಳೆದುಕೊಳ್ಳುತ್ತಾಳೆ. ಇಡೀ ದಿನ ನೀರಿನ ಬೋಗುಣಿಯ ಹಿಂದೆ. ಏನು ಮಾಡಲಿ?

ರ‍್ಯಾಕ್ ರಾಜ, ಡಲ್ಲಾಸ್

ನಾನು ಏನೂ ಹೇಳಲ್ಲ. ಸುಮ್ನೆ ಕೂತು ನೋಡುತ್ತಿದ್ದೇನೆ.

ತಿಪಟೂರು ಅಕ್ಕ, ಲೀಡ್ಸ್

ಗೂಡಿನ ಒಳಗೆ ಏನೇನಿದೆ? ಫೋಟೋ ಹಾಕಿ. ತೂಕ ನೋಡಿದಿರಾ?

ಹಾಸನದವ, ಅಟ್ಲಾಂಟಾ

ತೂಕ 1285. ಹೆಚ್ಚು ಇಳಿದಿಲ್ಲ. ಫೋಟೋ ಹಾಕುವ ಮುಂಚೆಯೇ ಉತ್ತರ ಸಿಕ್ಕಿತು ಅಕ್ಕ, ಹೇಳುತ್ತೇನೆ.

ಅಮ್ಮ ಊರಿಂದ ಬಂದಿದ್ದಾರೆ. ಮೊದಲ ವಾರ ಆ ಕೋಣೆಗೇ ಕಾಲಿಡಲಿಲ್ಲ. ನಿನ್ನೆ ಬಾಗಿಲಲ್ಲೇ ನಿಂತು, ಸೆರಗು ಬಾಯಿಗೆ ಹಿಡಿದುಕೊಂಡು, ಸ್ವಲ್ಪ ಹೊತ್ತು ಒಳಗೆ ನೋಡಿದರು. ಆಮೇಲೆ "ಅಲ್ವೋ, ಬಟ್ಟ ಬಯಲಲ್ಲಿ ತಂದು ಬಿಟ್ಟಿದ್ದೀಯಲ್ಲ, ಇದರ ಹುತ್ತ ಎಲ್ಲೋ?" ಅಂದರು.

ನಾನು ನೋಡಿದೆ. ಎಂಟು ಚದರ ಅಡಿ ತೆಂಗಿನ ನಾರು, ಒಂದು ನೀರಿನ ಬೋಗುಣಿ, ಬಿಸಿ ತುದಿಯಲ್ಲಿ ಹಳೆಯ ಟ್ಯಾಂಕಿನ ಒಂದು ಹೈಡ್ (ಹಾವು ಒಳಗೆ ಅಡಗುವ ಪುಟ್ಟ ಗುಹೆ), ಅದೂ ಅವಳ ಮೈಗೆ ದೊಗಲೆ. ಮಿಕ್ಕಿದ್ದೆಲ್ಲ ಖಾಲಿ. ಮೂರು ಕಡೆ ಬಿಳಿ ಗೋಡೆ, ಮುಂದೆ ಪೂರ್ತಿ ಗಾಜು.

ಕುಂದಾಪುರದವ, ಡಾರ್ಟ್‌ಮುಂಡ್

ಅಮ್ಮನಿಗೆ ನಮಸ್ಕಾರ ಹೇಳಿ ಮಾರಾಯ್ರೆ. ನಾವು ನಾಲ್ಕು ಜನ ಇಷ್ಟು ದಿನ ಅಡಿ, ಇಂಚು, ಗ್ಯಾಲನ್ ಅಂತ ಜಗಳ ಮಾಡಿದ್ದು. ಅವರು ಒಂದು ನಿಮಿಷದಲ್ಲಿ ಹೇಳಿದರು.

ರಾಜಣ್ಣನ ಗಿರಾಕಿಗಳ ಹಾವುಗಳಿಗೂ ಇದೇ ಆಗಿರಬೇಕು. ಜಾಗ ದೊಡ್ಡದಾಯಿತು ಅಂತ ಹೆದರುವುದಲ್ಲ. ಹೊರಗೆ ಬಂದರೆ ಮೈ ಮುಚ್ಚಿಕೊಳ್ಳಲು ಏನೂ ಇಲ್ಲ ಅಂತ ಹೆದರುವುದು. ಹದ್ದು ಮೇಲಿಂದ ನೋಡುತ್ತಿರುವ ಗದ್ದೆಯಲ್ಲಿ ನಿಂತ ಹಾಗೆ. ಒಂದೇ ಥರದ ಎರಡು ಹೈಡ್ ತನ್ನಿ, ಒಂದು ಬಿಸಿ ಕಡೆ, ಒಂದು ತಂಪು ಕಡೆ. ಒಂದೇ ಇದ್ದರೆ ಹಾವು ಬಿಸಿ ಬೇಕೋ ಬಚ್ಚಿಟ್ಟುಕೊಳ್ಳಬೇಕೋ ಅಂತ ಆರಿಸಬೇಕಾಗುತ್ತದೆ. ಒಳಗೆ ಸುತ್ತಿಕೊಂಡರೆ ಮೈ ನಾಲ್ಕೂ ಕಡೆ ತಾಗಬೇಕು, ಅಷ್ಟು ಬಿಗಿ ಇರಲಿ. ನಡುವೆ ಕಾರ್ಕ್ ತೊಗಟೆ, ಪ್ಲಾಸ್ಟಿಕ್ ಬಳ್ಳಿ, ಒಣ ಎಲೆ, ಏನು ಸಿಗುತ್ತದೋ ತುಂಬಿ. ಒಂದು ತುದಿಯಿಂದ ಇನ್ನೊಂದಕ್ಕೆ ಯಾರ ಕಣ್ಣಿಗೂ ಬೀಳದೆ ಹೋಗಲು ಆಗಬೇಕು.

ತುಂಬಿಸಿದ ಮೇಲೆ ಒಂದು ವಾರ ಕೈ ಹಾಕಬೇಡಿ. ಮಗಳಿಗೂ ಹೇಳಿ.

ತಿಪಟೂರು ಅಕ್ಕ, ಲೀಡ್ಸ್

ಮುಂದಿನ ಗಾಜಿಗೆ ಕೆಳಗಿನ ಅರ್ಧ ಕಂದು ಕಾಗದ ಅಂಟಿಸಿ ಸದ್ಯಕ್ಕೆ. ಬಿಸಿ ಕೊಡುವುದು ಗೂಡಿನ ಒಳಗಡೆ ಇದ್ದರೆ ಅದಕ್ಕೆ ತಂತಿಯ ಕಾವಲು ಇದೆಯಾ ನೋಡಿ. ಹಾವು ಬಿಸಿ ಬಲ್ಬಿಗೇ ಸುತ್ತಿಕೊಂಡು ಸುಟ್ಟುಕೊಂಡದ್ದನ್ನು ಕಂಡಿದ್ದೇನೆ. ತೂಕ ಹತ್ತನೇ ಒಂದು ಭಾಗ ಇಳಿದರೆ ಡಾಕ್ಟರ್ ಹತ್ತಿರ ಹೋಗಿ. ಅಲ್ಲಿವರೆಗೆ ಗಾಬರಿ ಬೇಡ.

ಹಾಸನದವ, ಅಟ್ಲಾಂಟಾ

ಹದಿನೆಂಟು ದಿನದ ಮೇಲೆ ಬರೆಯುತ್ತಿದ್ದೇನೆ.

ಎರಡು ಹೈಡ್ ಬಂತು. ಮೂರು ಕಾರ್ಕ್ ತೊಗಟೆ, ಒಂದು ದಪ್ಪ ಕೊಂಬೆ, ಡಾಲರ್ ಅಂಗಡಿಯ ಪ್ಲಾಸ್ಟಿಕ್ ಬಳ್ಳಿ ಆರು. ಬಳ್ಳಿ ಜೋಡಿಸಿದ್ದು ಅಮ್ಮ, ಹಾವನ್ನು ಬೇರೆ ಡಬ್ಬಿಗೆ ಹಾಕಿ ಮುಚ್ಚಳ ಭದ್ರವಾಗಿದೆ ಅಂತ ಮೂರು ಸಲ ಕೇಳಿದ ಮೇಲೆ. ನಮ್ಮ ಮನೆಯ ಗೌರಿ ಮಂಟಪವೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಹಾಲು ಇಡೋಣ್ವಾ ಅಂತ ಕೇಳಿದರು. ಹಾವು ಹಾಲು ಕುಡಿಯಲ್ಲಮ್ಮ ಅಂದೆ. "ಗೊತ್ತು, ಸುಮ್ನೆ ಕೇಳಿದೆ" ಅಂದರು.

ಒಂಬತ್ತನೇ ದಿನ ತಿಂದಳು. ಇಕ್ಕಳ ಹತ್ತಿರ ಹೋಗುವ ಮುಂಚೆಯೇ ತಂಪು ಕಡೆಯ ಹೈಡ್‌ನಿಂದ ತಲೆ ಹೊರಗೆ ಬಂದಿತ್ತು. ಮೂತಿ ಉಜ್ಜುವುದು ನಿಂತಿದೆ. ಬಿಳಿಚಿದ್ದ ಕಡೆ ಮುಂದಿನ ಪೊರೆಗೆ ಸರಿಹೋಗುತ್ತೆ ಅನ್ನಿಸುತ್ತೆ.

ನಿನ್ನೆ ರಾತ್ರಿ ಒಂದೂ ಮುಕ್ಕಾಲಿಗೆ ನೀರು ಕುಡಿಯಲು ಎದ್ದೆ. ಮಗಳ ಕೋಣೆ ಬಾಗಿಲು ತೆರೆದಿತ್ತು. ಟಾರ್ಚ್ ಹಾಕದೆ ಫೋನಿನ ಬೆಳಕಲ್ಲೇ ನೋಡಿದೆ. ಮಲ್ಲಿಗೆ ಹಿಂದಿನ ಗೋಡೆಗೆ ತಾಗಿಕೊಂಡು ಬಳ್ಳಿಯ ಕೆಳಗೆ ಉದ್ದಕ್ಕೆ ಮಲಗಿದ್ದಳು. ಒಂದು ಸುರುಳಿ ಇಲ್ಲ. ಬಾಲದ ತುದಿ ಬಿಸಿ ಕಡೆ, ತಲೆ ತಂಪು ಕಡೆಯ ಗೋಡೆಗೆ ಎರಡು ಬೆರಳು ಬಾಕಿ. ಐದು ವರ್ಷದಲ್ಲಿ ಮೊದಲ ಸಲ ಇರಬೇಕು.

ರ‍್ಯಾಕ್ ರಾಜ, ಡಲ್ಲಾಸ್

ಎರಡು ಬೆರಳು ಬಾಕಿ ಅಂದಿರಲ್ಲ, ಇನ್ನು ಬೆಳೆದರೆ? ಹೆಣ್ಣು 5 ಅಡಿವರೆಗೂ ಹೋಗುತ್ತೆ.

ಅಂದಹಾಗೆ ಆ ಗೂಡಿನ ಬೆಲೆ ಎಷ್ಟು? ನನ್ನ ಹತ್ತಿರ ಒಂದು ಮುದಿ ಹೆಣ್ಣಿದೆ, ಈಗ ಮೊಟ್ಟೆ ಇಡಲ್ಲ. ಸುಮ್ನೆ ಕೇಳಿದೆ.

ಹಾಸನದವ, ಅಟ್ಲಾಂಟಾ

ಮೆಸೇಜ್ ಮಾಡುತ್ತೇನೆ ರಾಜಣ್ಣ. ಇಲ್ಲಿ ಬೇಡ, ಹೆಂಡತಿಯೂ ಓದುತ್ತಾಳೆ.